ನಾಲ್ಕು ಕೆಲಸಕ್ಕೆ ಒಂದೇ ಅಳತೆ ಸಾಲದು: ಹಿತ್ತಲು, ಹೊಲಿಗೆ, ಓದು, ಸ್ವಯಂಸೇವೆಗೆ ವಾರದ ಗುರಿ ಆರಿಸುವುದು ಹೇಗೆ?

ನನ್ನ ಹಳೆಯ ನೋಟ್‌ಬುಕ್ಕಿನಲ್ಲಿ ಒಂದು ವಾರದ ಪಟ್ಟಿ ಹೀಗಿದೆ: “ಪಾತಿಯ ಕಳೆ ಪೂರ್ತಿ ತೆಗೆಯಬೇಕು. ಅಂಗಿ ಹೊಲಿದು ಮುಗಿಸಬೇಕು. 150 ಪುಟ ಓದಬೇಕು. 3 ಗಂಟೆ ಸ್ವಯಂಸೇವೆ.” ಮುಂದಿನ ವಾರವೂ ಅದೇ ಪಟ್ಟಿ. ಅದರ ಮುಂದಿನ ವಾರವೂ ಅದೇ, ಅಕ್ಷರ ಮಾತ್ರ ಸ್ವಲ್ಪ ಸೊಟ್ಟ. ನಾಲ್ಕನೇ ವಾರದ ಪುಟ ಖಾಲಿ.

ನಾನು ಬರೀ ಆರಂಭಶೂರ ಅಂತ ಆಗ ಬೇಜಾರು ಮಾಡಿಕೊಂಡಿದ್ದೆ. ಈಗ ಆ ಪಟ್ಟಿ ನೋಡಿದರೆ ಬೇರೆ ತಪ್ಪು ಕಾಣುತ್ತದೆ. ನಾಲ್ಕು ಸಾಲೂ ನೋಡಲು ಒಂದೇ ತರ ಇವೆ. ಆದರೆ ನಾಲ್ಕು ಕೆಲಸ ನಡೆಯುವುದು ನಾಲ್ಕು ಬೇರೆ ಗಡಿಯಾರದ ಮೇಲೆ. ಗಿಡ ತನ್ನ ಹೊತ್ತಿಗೆ ಬೆಳೆಯುತ್ತದೆ, ನಮ್ಮ ಭಾನುವಾರಕ್ಕೆ ಕಾಯುವುದಿಲ್ಲ. ಹೊಲಿಗೆಗೆ ಕೂತರೆ ಎರಡು ಗಂಟೆ ಯಾರೂ ಎಬ್ಬಿಸಬಾರದು. ಓದು ಯಾವ ಸಂದಿಯಲ್ಲಾದರೂ ತೂರಿಕೊಳ್ಳುತ್ತದೆ. ಸ್ವಯಂಸೇವೆಯಲ್ಲಂತೂ ಗಡಿಯಾರ ನಮ್ಮದೇ ಅಲ್ಲ, ಅಲ್ಲಿ ಕಾಯುತ್ತಿರುವವರದು. ಹಾಗಾಗಿ “ವಾರಕ್ಕೆ ಎಷ್ಟು ಗುರಿ ಇಡಬೇಕು” ಅನ್ನುವುದಕ್ಕಿಂತ ಮೊದಲು “ಯಾವ ಬಗೆಯ ಗುರಿ” ಅನ್ನುವುದನ್ನು ತೀರ್ಮಾನಿಸಿಕೊಳ್ಳಬೇಕು.

ಯಾವ್ಯಾವ ಬಗೆ ಇವೆ?

ನನಗೆ ಗೊತ್ತಿರುವ ಮಟ್ಟಿಗೆ ಜನ ವಾರದ ಗುರಿಯನ್ನು ಐದು ತರದಲ್ಲಿ ಇಟ್ಟುಕೊಳ್ಳುತ್ತಾರೆ. ಮುಗಿಸುವ ಗುರಿ: “ಅಂಗಿ ಮುಗಿಸುತ್ತೇನೆ.” ಹೊತ್ತಿನ ಗುರಿ: “ಎರಡು ಗಂಟೆ ಹೊಲಿಯುತ್ತೇನೆ.” ಹಂತದ ಗುರಿ: “ಈ ವಾರ ಕಟಿಂಗ್ ಮಾತ್ರ.” ದಿನದ ಚೂರು: “ದಿನಾ 20 ನಿಮಿಷ.” ಐದನೆಯದು ಕೊಟ್ಟ ಮಾತು: “ಗುರುವಾರ ಸಂಜೆ ನಾಲ್ಕಕ್ಕೆ ಅಲ್ಲಿರುತ್ತೇನೆ.”

ಪಟ್ಟಿ ಬರೆಯುವಾಗ ಎಲ್ಲರ ಕೈ ಮೊದಲು ಹೋಗುವುದು ಮುಗಿಸುವ ಗುರಿಗೇ. ಅದನ್ನು ಬರೆಯುವುದೇ ಒಂದು ಖುಷಿ, ಅಲ್ವಾ? ಆದರೆ ಐದರಲ್ಲಿ ಜಾಸ್ತಿ ಕೈಕೊಡುವುದೂ ಅದೇ. ಒಂದು ಕೆಲಸಕ್ಕೆ ಎಷ್ಟು ಹೊತ್ತು ಬೇಕು ಎಂದು ಊಹಿಸುವುದರಲ್ಲಿ ಮನುಷ್ಯರು ಬಹಳ ದಡ್ಡರು. ಡ್ಯಾನಿಯಲ್ ಕಾನ್‌ಮನ್ ಮತ್ತು ಏಮೊಸ್ ಟ್ವೆರ್‌ಸ್ಕಿ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 1979ರಲ್ಲೇ ಈ ತಪ್ಪಿಗೊಂದು ಹೆಸರು ಕೊಟ್ಟು ಬರೆದರು. 1994ರ ಒಂದು ಅಧ್ಯಯನದಲ್ಲಿ ವಿದ್ಯಾರ್ಥಿಗಳನ್ನು “ನಿಮ್ಮ ಪ್ರಬಂಧ ಎಷ್ಟು ದಿನಕ್ಕೆ ಮುಗಿಯುತ್ತದೆ” ಎಂದು ಕೇಳಿದರು. ಸರಾಸರಿ ಊಹೆ ಸುಮಾರು 34 ದಿನ. ನಿಜವಾಗಿ ಹಿಡಿದದ್ದು ಸುಮಾರು 55. ತಮಾಷೆ ಏನೆಂದರೆ, “ಎಲ್ಲವೂ ಎಷ್ಟು ಕೆಡಬಹುದೋ ಅಷ್ಟು ಕೆಟ್ಟರೆ?” ಎಂದು ಕೇಳಿದಾಗ ಬಂದ ಊಹೆಯೂ 49 ದಿನ ದಾಟಿರಲಿಲ್ಲ!

ಹಾಗಂತ ಮುಗಿಸುವ ಗುರಿ ಬೇಡವೇ ಬೇಡ ಅಂತಲ್ಲ. ಮೊದಲು ಹತ್ತಾರು ಸಲ ಮಾಡಿದ, ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಕೈಗೆ ಗೊತ್ತಿರುವ ಕೆಲಸಕ್ಕೆ ಅದು ಚೆನ್ನಾಗಿ ಒಗ್ಗುತ್ತದೆ.

ಹಿತ್ತಲು: ದಿನ ಎಣಿಸುವುದು ಗಿಡ, ನಾವಲ್ಲ

ಹಿತ್ತಲು ಅಂದರೆ ಇಲ್ಲಿ ಕೈತೋಟ, ಗೊಬ್ಬರದ ಗುಂಡಿ, ನಾಲ್ಕಾರು ಕೋಳಿ, ಬೆಳೆದದ್ದನ್ನು ಒಣಗಿಸಿ ಎತ್ತಿಡುವುದು, ಮುರಿದದ್ದನ್ನು ಮನೆಯಲ್ಲೇ ರಿಪೇರಿ ಮಾಡುವುದು ಎಲ್ಲ ಸೇರಿತು. ಬಾಲ್ಕನಿಯಲ್ಲಿ ಆರು ಕುಂಡ ಇರುವವರಿಗೂ ಲೆಕ್ಕ ಇದೇ.

ಇಲ್ಲಿ ಫಲದ ಮೇಲೆ ಗುರಿ ಇಟ್ಟರೆ ಸೋಲು ಗ್ಯಾರಂಟಿ. ಮೂಲಂಗಿ ಬೀಜ ಮೂರ್ನಾಲ್ಕು ದಿನದಲ್ಲಿ ಮೊಳೆತು, ಬೇಗ ಬರುವ ತಳಿಯಾದರೆ 25-30 ದಿನಕ್ಕೆ ಕೀಳಲು ಬರುತ್ತದೆ. ಕ್ಯಾರೆಟ್ ಬೀಜ ಮೊಳೆಯಲಿಕ್ಕೇ ಎರಡು ವಾರ, ಒಮ್ಮೊಮ್ಮೆ ಮೂರು ವಾರ ಕಾಯಿಸುತ್ತದೆ. ಟೊಮೆಟೊ ಸಸಿ ನೆಟ್ಟ ಮೇಲೆ ಹಣ್ಣಿಗೆ 60ರಿಂದ 80 ದಿನ. ಕಾವಿಗೆ ಕೂತ ಕೋಳಿ 21 ದಿನ ಏಳುವುದಿಲ್ಲ. ಇವು ಯಾವುವೂ ವಾರದ ಗುರಿ ಆಗಲಾರವು. ಇವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು ಕಾಯಬೇಕಷ್ಟೆ.

ಇನ್ನೊಂದು ತುದಿಯಲ್ಲಿ ನೀರು ಹಾಕುವುದು, ಕೋಳಿಗೆ ಕಾಳು ನೀರು ಇಡುವುದು ಇವೆ. ಇವನ್ನೂ ನಾನು ಗುರಿ ಎಂದು ಬರೆಯುವುದಿಲ್ಲ. ಹಲ್ಲುಜ್ಜುವುದನ್ನು ಯಾರೂ ಗುರಿ ಅಂತ ಬರೆದುಕೊಳ್ಳುವುದಿಲ್ಲವಲ್ಲ, ಹಾಗೆ. ಇಂಥವನ್ನೂ ಸೇರಿಸಿದರೆ ಪಟ್ಟಿ ತುಂಬಾ ಟಿಕ್ ಮಾರ್ಕು ಬೀಳುತ್ತದೆ, ವಾರ ಚೆನ್ನಾಗಿ ಹೋಯಿತು ಅನ್ನಿಸುತ್ತದೆ. ಅತ್ತ ಗೊಬ್ಬರದ ಗುಂಡಿಯನ್ನು ತಿಂಗಳಿಂದ ಯಾರೂ ಮುಟ್ಟಿರುವುದಿಲ್ಲ.

ಇವೆರಡರ ನಡುವೆ ಉಳಿಯುವ ಕೆಲಸಕ್ಕೆ ನಿಜವಾಗಿ ವಾರದ ಗುರಿ ಬೇಕು. ಅದರಲ್ಲಿ ಕಳೆಗೆ ಹೊತ್ತಿನ ಗುರಿಯೇ ಸರಿ. “ಕಳೆ ಪೂರ್ತಿ ತೆಗೆಯಬೇಕು” ಅನ್ನುವುದು ಮುಗಿಯದ ಮಾತು. ನೀವು ಈ ತುದಿ ಮುಗಿಸುವಷ್ಟರಲ್ಲಿ ಆ ತುದಿಯಲ್ಲಿ ಹೊಸದು ಬಂದಿರುತ್ತದೆ. ಹಾಗೆಯೇ ಶನಿವಾರ ಒಂದೇ ಸಲ ಒಂದೂವರೆ ಗಂಟೆ ಬಗ್ಗುವುದಕ್ಕಿಂತ ವಾರದಲ್ಲಿ ಮೂರು ಸಲ 20 ನಿಮಿಷ ಲೇಸು. ಬೇರು ಇಳಿಯುವ ಮೊದಲು ಕಳೆ ಎರಡು ಬೆರಳಿಗೆ ಬರುತ್ತದೆ, ಆಮೇಲೆ ಗುದ್ದಲಿ ಕೇಳುತ್ತದೆ. ಸೊಂಟಕ್ಕೂ ಒಳ್ಳೆಯದು.

ಗೊಬ್ಬರ ಮಾತ್ರ ವಾರದ ಲೆಕ್ಕಕ್ಕೆ ತಾನಾಗಿಯೇ ಹೊಂದುತ್ತದೆ. ಒಣ ಎಲೆ, ಹುಲ್ಲಿನಂಥದ್ದು ಎರಡು ಮೂರು ಪಾಲು, ಹಸಿ ಕಸ ಒಂದು ಪಾಲು ಹಾಕಿ ಗುಡ್ಡೆ ಮಾಡಿದರೆ, ಗುಡ್ಡೆ ದೊಡ್ಡದಿದ್ದಾಗ ಒಳಗಿನ ಶಾಖ 55ರಿಂದ 65 ಡಿಗ್ರಿ ಸೆಲ್ಸಿಯಸ್‌ಗೆ ಏರುತ್ತದೆ. ಒಳಗಿನ ಗಾಳಿ ಮುಗಿದಂತೆ ಶಾಖ ಇಳಿಯುತ್ತದೆ. ಆಗ ತಿರುವಿ ಹಾಕಬೇಕು. ವಾರಕ್ಕೊಮ್ಮೆ ತಿರುವಿದರೆ ಸಾಕು. “ಭಾನುವಾರ ಗೊಬ್ಬರ ತಿರುವುದು” ಅಂತ ಒಂದು ಸಾಲು ಬರೆದು ಮರೆತುಬಿಡಿ.

ಬಿತ್ತನೆಯಲ್ಲಿ ನಾನು ಮಾಡಿದ ಎಡವಟ್ಟು ಹೇಳಿಬಿಡುತ್ತೇನೆ. ಒಂದು ವಾರ “ಬಿತ್ತನೆ ಮುಗಿಸಬೇಕು” ಎಂದು ಬರೆದಿದ್ದೆ. ಹಟಕ್ಕೆ ಬಿದ್ದು ಇದ್ದಬದ್ದ ಮೂಲಂಗಿ ಬೀಜವನ್ನೆಲ್ಲ ಒಂದೇ ದಿನ ಬಿತ್ತಿದೆ. ಗುರಿ ಮುಟ್ಟಿತು! ತಿಂಗಳ ನಂತರ ಒಂದೇ ವಾರದಲ್ಲಿ ಅಷ್ಟೂ ಮೂಲಂಗಿ ಕೀಳಲು ಬಂತು. ಅರ್ಧ ಹಂಚಿದೆ, ಉಳಿದದ್ದು ಮಣ್ಣಲ್ಲೇ ಬಲಿತು ಬೆಂಡಾಯಿತು. ಎರಡು ವಾರಕ್ಕೊಮ್ಮೆ ಒಂದು ಗಿಡ್ಡ ಸಾಲು ಬಿತ್ತಿದ್ದರೆ ಆಗುತ್ತಿತ್ತು. ಬಿತ್ತನೆಗೆ ಹಂತದ ಗುರಿ ಬೇಕು, ಮುಗಿಸುವ ಗುರಿ ಬೇಡ ಎಂದು ನಾನು ಕಲಿತದ್ದು ಹೀಗೆ.

ಮಳೆಯ ವಿಷಯ ಒಂದಿದೆ. ಹಿತ್ತಲ ಗುರಿಗೆ ಯಾವಾಗಲೂ ಒಂದು “ಇಲ್ಲದಿದ್ದರೆ” ಜೊತೆಗಿರಲಿ. “ಶನಿವಾರ ಬೆಳಿಗ್ಗೆ ಮಳೆ ಬಂದರೆ ಒಳಗೆ ಕೂತು ಕತ್ತಿ, ಕತ್ತರಿ ಸಾಣೆ ಹಿಡಿಯುತ್ತೇನೆ, ಬೀಜದ ಡಬ್ಬಿ ಜೋಡಿಸುತ್ತೇನೆ.” ಹೀಗೆ “ಇಂಥದ್ದಾದರೆ ಇಂಥದ್ದು ಮಾಡುತ್ತೇನೆ” ಎಂದು ಮೊದಲೇ ಕಟ್ಟಿಕೊಂಡ ಯೋಜನೆ ಬರೀ ಆಸೆಗಿಂತ ಚೆನ್ನಾಗಿ ನಡೆಯುತ್ತದೆ ಎಂದು ಜರ್ಮನ್ ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಸರ್ 1990ರ ದಶಕದಿಂದ ಹೇಳುತ್ತಾ ಬಂದಿದ್ದಾರೆ. ಬೇರೆ ಕೆಲಸಕ್ಕೂ ಇದು ನಡೆಯುತ್ತದೆ. ಆದರೆ ಆಕಾಶ ನಂಬಿಕೊಂಡ ಕೆಲಸಕ್ಕೆ ಇದಿಲ್ಲದೆ ಆಗುವುದೇ ಇಲ್ಲ.

ಹೊಲಿಗೆ: ದಿನಾ ಹದಿನೈದು ನಿಮಿಷ ಅನ್ನುವ ಸಲಹೆ ಇಲ್ಲಿ ನಡೆಯುವುದಿಲ್ಲ

“ದಿನಾ ಸ್ವಲ್ಪ ಸ್ವಲ್ಪ ಮಾಡಿ” ಅನ್ನುವುದು ಎಲ್ಲ ಕೆಲಸಕ್ಕೂ ಕೊಡುವ ಸಲಹೆ. ನಾನೂ ನಂಬಿ ಮೂರು ವಾರ ದಿನಾ 15 ನಿಮಿಷ ಹೊಲಿಯಲು ಕೂತೆ. ಮಿಷನ್ ಮೇಲಿನ ಸಾಮಾನು ತೆಗೆಯುವುದು, ಬಾಬಿನ್‌ಗೆ ದಾರ ಸುತ್ತುವುದು, ಸೂಜಿಗೆ ಪೋಣಿಸುವುದು, ನಿನ್ನೆ ಎಲ್ಲಿ ಬಿಟ್ಟಿದ್ದೆ ಎಂದು ನೆನಪು ಮಾಡಿಕೊಳ್ಳುವುದು, ಚೂರು ಬಟ್ಟೆಯ ಮೇಲೆ ಒಂದು ಹೊಲಿಗೆ ಹಾಕಿ ನೋಡುವುದು. ಅಷ್ಟರಲ್ಲಿ ಹೊತ್ತು ಮುಗಿದಿರುತ್ತಿತ್ತು. ಮೂರು ವಾರದಲ್ಲಿ ಹೊಲಿದದ್ದು ಒಂದು ದಿಂಬಿನ ಚೀಲ, ಅದೂ ಒಂದು ಬದಿ ಬಾಕಿ.

ಹೊಲಿಗೆಗೆ ಸಿದ್ಧತೆಯೇ ದೊಡ್ಡ ಖರ್ಚು. ಆ ಖರ್ಚನ್ನು ವಾರಕ್ಕೆ ಏಳು ಸಲ ಕೊಡುವ ಬದಲು ಒಂದೋ ಎರಡೋ ಸಲ ಕೊಟ್ಟು, ಎರಡು ಗಂಟೆ ಗಟ್ಟಿಯಾಗಿ ಕೂರುವುದು ಲಾಭ. ಮಿಷನ್ನಿಗೇ ಮೀಸಲಾದ ಮೇಜು ಇದ್ದು, ಹೊದಿಕೆ ತೆಗೆದರೆ ಶುರು ಅನ್ನುವಂತಿದ್ದರೆ ನಿಮ್ಮ ಲೆಕ್ಕ ಬೇರೆ. ಆಗ ಅರ್ಧ ಗಂಟೆಗೂ ಬೆಲೆ ಬರುತ್ತದೆ.

ಕೈ ಹೊಲಿಗೆ ಈ ನಿಯಮಕ್ಕೆ ಸಿಗುವುದಿಲ್ಲ. ಗುಂಡಿ ಹಚ್ಚುವುದು, ಕಾಜಾ ಮಾಡುವುದು, ಹೆಮ್ಮಿಂಗ್, ಕಚ್ಚಾ ಹೊಲಿಗೆ ಇವೆಲ್ಲ ಮಡಿಲಲ್ಲಿ ಇಟ್ಟುಕೊಂಡು ಮಾತಾಡುತ್ತಲೇ ಆಗುವಂಥವು. ಇವಕ್ಕೆ ದಿನದ ಚೂರು ಸಾಕು. ಹಾಗಾಗಿ ಹೊಲಿಗೆ ಅಂತ ಒಂದೇ ಸಾಲು ಬರೆಯುವ ಬದಲು “ಮಿಷನ್ ಕೆಲಸ”, “ಕೈ ಕೆಲಸ” ಎಂದು ಎರಡು ಮಾಡಿಕೊಳ್ಳಿ. ಈ ಬರಹದಲ್ಲಿ ಒಂದೇ ಒಂದು ಸಲಹೆ ತೆಗೆದುಕೊಳ್ಳುವುದಾದರೆ ಇದನ್ನು ತೆಗೆದುಕೊಳ್ಳಿ ಅಂತೇನೆ.

ಇನ್ನು ಹೊತ್ತಿನ ಗುರಿಯೋ ಹಂತದ ಗುರಿಯೋ? ನನ್ನ ಓಟು ಹಂತಕ್ಕೆ. ಒಂದು ಅಂಗಿಯ ದಾರಿ ಹೀಗಿರುತ್ತದೆ: ಬಟ್ಟೆ ನೆನೆಸಿ ಒಗೆದು ಇಸ್ತ್ರಿ ಮಾಡುವುದು (ಹತ್ತಿ ಬಟ್ಟೆ ಮೊದಲ ಒಗೆತಕ್ಕೆ ಕುಗ್ಗುತ್ತದೆ, ಕತ್ತರಿಸಿದ ಮೇಲೆ ಕುಗ್ಗಿದರೆ ಏನೂ ಮಾಡಲಾಗದು), ಅಳತೆ ಗುರುತು ಹಾಕುವುದು, ಕಟಿಂಗ್, ಕಚ್ಚಾ ಹೊಲಿಗೆ ಹಾಕಿ ತೊಟ್ಟು ನೋಡುವುದು, ಮಿಷನ್ ಹೊಲಿಗೆ, ಅಂಚು, ಗುಂಡಿ. ವಾರಕ್ಕೆ ಒಂದು ಹಂತ, ಹೆಚ್ಚೆಂದರೆ ಎರಡು. ನಾಲ್ಕೈದು ವಾರಕ್ಕೆ ಒಂದು ಅಂಗಿ ಬರುತ್ತದೆ. ನಿಧಾನ ಅನ್ನಿಸಬಹುದು. ಆದರೆ ಒಂದು ಭಾನುವಾರ “ಇವತ್ತೇ ಮುಗಿಸಬೇಕು” ಎಂದು ರಾತ್ರಿ ಹನ್ನೊಂದಕ್ಕೆ ನಿದ್ದೆಗಣ್ಣಲ್ಲಿ ಕತ್ತರಿ ಹಿಡಿದು ಎರಡು ಎಡತೋಳು ಕತ್ತರಿಸಿದವನು ನಾನು. ಉಳಿದ ಬಟ್ಟೆಯಲ್ಲಿ ಬಲತೋಳು ಹೊರಡಲಿಲ್ಲ. ಕಟಿಂಗ್ ಒಂದು ಹಂತ ಮಾತ್ರ ಬೆಳಗಿನ ಹೊತ್ತಿಗೇ ಇರಲಿ, ಗುರಿ ಯಾವುದೇ ಇರಲಿ.

ಕಲಿಯುತ್ತಿರುವವರಿಗೆ ಇನ್ನೊಂದು ಮಾತು. ಎಡ್ವಿನ್ ಲಾಕ್ ಮತ್ತು ಗ್ಯಾರಿ ಲ್ಯಾಥಮ್ ಗುರಿಗಳ ಬಗ್ಗೆ ದಶಕಗಳ ಕಾಲ ಕೆಲಸ ಮಾಡಿದವರು. “ಕೈಲಾದಷ್ಟು ಮಾಡುತ್ತೇನೆ” ಅನ್ನುವುದಕ್ಕಿಂತ ಸ್ಪಷ್ಟವಾದ, ಸ್ವಲ್ಪ ಕಷ್ಟದ ಗುರಿ ಇಟ್ಟವರು ಚೆನ್ನಾಗಿ ಮಾಡುತ್ತಾರೆ ಎಂಬುದು ಅವರ ಹೆಸರಾದ ಮಾತು. ಎಲ್ಲರೂ ಅಷ್ಟನ್ನೇ ಹೇಳುತ್ತಾರೆ. ಆದರೆ ಕೆಲಸ ತೊಡಕಿನದಾಗಿದ್ದು, ಮಾಡುವವರು ಹೊಸಬರಾಗಿದ್ದರೆ “ಇಷ್ಟು ಮುಗಿಸು” ಅನ್ನುವುದಕ್ಕಿಂತ “ಇದನ್ನು ಕಲಿ” ಅನ್ನುವ ಗುರಿಯೇ ಮೇಲು ಎಂದೂ ಲ್ಯಾಥಮ್ ಮತ್ತು ಅವರ ಜೊತೆಗಾರರು ಕಂಡುಕೊಂಡರು. ಹೊಲಿಗೆಗೆ ಇದು ಅಚ್ಚುಕಟ್ಟಾಗಿ ಕೂರುತ್ತದೆ. ಹೊಸಬರು “ಈ ವಾರ ಚೀಲ ಮುಗಿಸುತ್ತೇನೆ” ಎಂದು ಬರೆಯುವ ಬದಲು “ಈ ವಾರ ಚೂರು ಬಟ್ಟೆಯ ಮೇಲೆ ನಾಲ್ಕು ಸಲ ಜಿಪ್ ಕೂರಿಸಿ ನೋಡುತ್ತೇನೆ” ಎಂದು ಬರೆಯಲಿ. ಮೂರನೇ ಜಿಪ್ ಸೊಟ್ಟಗಾದರೂ ಗುರಿ ಕೆಡುವುದಿಲ್ಲ.

ರಿಪೇರಿ ಬಟ್ಟೆಗಳಿಗೆ ಮಾತ್ರ ಎಣಿಕೆ ಚೆನ್ನ. ಬಿಚ್ಚಿದ ಹೊಲಿಗೆ, ಹರಿದ ಜೇಬು, ಕಿತ್ತ ಗುಂಡಿ ಇವನ್ನೆಲ್ಲ ಒಂದು ಬುಟ್ಟಿಗೆ ಹಾಕಿ, ವಾರಕ್ಕೆ ಮೂರು ಎಂದು ಇಟ್ಟುಕೊಳ್ಳಿ. ಒಂದೊಂದಕ್ಕೆ ಎಷ್ಟು ಹೊತ್ತು ಎಂದು ಗೊತ್ತಿರುತ್ತದೆ, ಹಾಗಾಗಿ ಊಹೆ ತಪ್ಪುವುದಿಲ್ಲ.

ಹೊತ್ತಿನ ಲೆಕ್ಕ ಪೂರ್ತಿ ಬಿಡಬೇಡಿ, ಅದಕ್ಕೊಂದು ಬೇರೆ ಕಾರಣ ಇದೆ. ಮಿಷನ್ ಸೂಜಿಯನ್ನು ಸುಮಾರು 8 ಗಂಟೆ ಹೊಲಿದ ಮೇಲೆ ಬದಲಿಸಬೇಕು ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಗೋಡೆಯ ಮೇಲೆ ಗಂಟೆಗೊಂದು ಗೀಟು ಎಳೆದರೆ ಯಾವಾಗ ಬದಲಿಸಬೇಕು ಎಂದು ತಿಳಿಯುತ್ತದೆ. ಹೊಲಿಗೆ ತಪ್ಪುತ್ತಿದೆ, ದಾರ ಕಿತ್ತು ಬರುತ್ತಿದೆ ಎಂದು ನಾವು ಮಿಷನ್ನಿಗೆ ಬೈಯುವ ಅರ್ಧ ಸಂದರ್ಭಗಳಲ್ಲಿ ತಪ್ಪು ಸವೆದ ಸೂಜಿಯದು.

ಮತ್ತೊಂದು ನಿಯಮ ನಾನು ಕಾರ್ಖಾನೆಯವರಿಂದ ಕದ್ದದ್ದು. ಟೊಯೋಟಾ ಕಂಪನಿಯಲ್ಲಿ ಹುಟ್ಟಿದ ಕಾನ್‌ಬಾನ್ ಪದ್ಧತಿಯಲ್ಲಿ ಅರ್ಧ ಆದ ಕೆಲಸ ಗುಡ್ಡೆ ಬೀಳದಂತೆ ತಡೆಯುತ್ತಾರೆ. ನನ್ನ ಮನೆಯ ಆವೃತ್ತಿ: ಕತ್ತರಿಸಿದ ಒಂದು ಬಟ್ಟೆ ಮುಗಿಯುವವರೆಗೆ ಇನ್ನೊಂದಕ್ಕೆ ಕತ್ತರಿ ಹಾಕುವಂತಿಲ್ಲ. ಹೊಸ ಬಟ್ಟೆ ಕೊಳ್ಳುವುದನ್ನು ಈ ನಿಯಮ ತಡೆಯುವುದಿಲ್ಲ, ಅದಕ್ಕೆ ನನ್ನ ಬಳಿ ಔಷಧಿ ಇಲ್ಲ.

ಓದು: ಪುಟವೋ, ನಿಮಿಷವೋ, ಪುಸ್ತಕವೋ?

“ವಾರಕ್ಕೊಂದು ಪುಸ್ತಕ” ಕೇಳಲು ಚೆಂದ. ನಾನು ಒಂದು ವರ್ಷ ಹಾಗೆ ಓದಿದೆ. ವರ್ಷದ ಕೊನೆಗೆ ಕಪಾಟು ನೋಡಿದರೆ ಎಲ್ಲವೂ ತೆಳ್ಳಗಿನ ಪುಸ್ತಕ! ದಪ್ಪದವು ಮುಟ್ಟದೆ ಹಾಗೇ ನಿಂತಿದ್ದವು. ಗುರಿ ನನ್ನ ಓದನ್ನು ಆರಿಸುತ್ತಿತ್ತು, ನಾನಲ್ಲ.

ಪುಟದ ಗುರಿ ಅದಕ್ಕಿಂತ ವಾಸಿ. ದಿನಕ್ಕೆ 15 ಪುಟ ಅಂದರೆ 300 ಪುಟದ ಪುಸ್ತಕ 20 ದಿನ. ಲೆಕ್ಕ ಸುಲಭ. ಆದರೆ ಎಲ್ಲ ಪುಟವೂ ಒಂದೇ ಅಲ್ಲ. ಕಥೆಯ 15 ಪುಟ ಕಾಫಿ ಆರುವ ಮೊದಲೇ ಮುಗಿಯುತ್ತದೆ, ತತ್ವಶಾಸ್ತ್ರದ 15 ಪುಟಕ್ಕೆ ಒಂದು ಸಂಜೆ ಸಾಲದು. ಪುಟ ಎಣಿಸಿ ಓದುವಾಗ ಕಷ್ಟದ ಪ್ಯಾರಾ ಬಂದರೆ ಕಣ್ಣು ಜಾರಿ ಮುಂದೆ ಹೋಗುತ್ತದೆ. ಹಿಂದಕ್ಕೆ ಹೋಗಿ ಇನ್ನೊಮ್ಮೆ ಓದಿದರೆ ನಷ್ಟ ಅನ್ನಿಸುತ್ತದೆ.

ನಿಮಿಷದ ಗುರಿಗೆ ಈ ಕಾಟ ಇಲ್ಲ. ದಿನಾ 20 ನಿಮಿಷ ಅಂದರೆ ವಾರಕ್ಕೆ 2 ಗಂಟೆ 20 ನಿಮಿಷ. ಯಾವ ಪುಸ್ತಕವಾದರೂ ಸರಿ, ಎಷ್ಟು ಸಲ ಹಿಂದೆ ತಿರುಗಿದರೂ ಸರಿ. ನಾಲ್ಕು ಕೆಲಸಗಳಲ್ಲಿ ದಿನದ ಚೂರಿಗೆ ಅತಿ ಚೆನ್ನಾಗಿ ಒಗ್ಗುವುದು ಓದೇ. ಸಿದ್ಧತೆಯ ಖರ್ಚು ಸೊನ್ನೆ, ಪುಸ್ತಕ ತೆರೆದರಾಯಿತು. ಅದನ್ನು ಈಗಾಗಲೇ ಇರುವ ಒಂದು ಅಭ್ಯಾಸದ ಬಾಲಕ್ಕೆ ಕಟ್ಟಿ: ರಾತ್ರಿ ದೀಪ ಆರಿಸುವ ಮೊದಲು, ಬೆಳಿಗ್ಗೆ ಎಲ್ಲರೂ ಏಳುವ ಮೊದಲು.

ಪುಟದ ಲೆಕ್ಕ ಗೆಲ್ಲುವುದು ತಾರೀಖು ಇದ್ದಾಗ. ಗ್ರಂಥಾಲಯಕ್ಕೆ ವಾಪಸ್ ಕೊಡಬೇಕು, ಓದುಗರ ಕೂಟದಲ್ಲಿ ಚರ್ಚೆ ಇದೆ ಅಂದರೆ ಉಳಿದ ಪುಟವನ್ನು ಉಳಿದ ದಿನದಿಂದ ಭಾಗಿಸಿ. ಮೊದಲು ಆ ಪುಸ್ತಕವನ್ನೇ ಹತ್ತು ನಿಮಿಷ ಓದಿ ಎಷ್ಟು ಪುಟ ಆಯಿತು ಎಂದು ನೋಡಿಕೊಂಡರೆ, ಆ ಭಾಗಾಕಾರ ನಿಮ್ಮ ಕೈಲಿ ಆಗುವಂಥದ್ದೋ ಅಲ್ಲವೋ ತಿಳಿಯುತ್ತದೆ.

ಕಳೆ ಕೀಳುತ್ತಾ ಕಿವಿಯಲ್ಲಿ ಪುಸ್ತಕ ಕೇಳಿದರೆ ಅದು ಓದಿನ ಲೆಕ್ಕಕ್ಕೋ ಹಿತ್ತಲ ಲೆಕ್ಕಕ್ಕೋ ಎಂದು ಒಬ್ಬ ಗೆಳತಿ ಜಗಳಕ್ಕೆ ಬಂದಿದ್ದಳು. ನಾನು ಎರಡಕ್ಕೂ ಬರೆದುಕೊಳ್ಳುತ್ತೇನೆ. ನನ್ನ ನೋಟ್‌ಬುಕ್ಕಿಗೆ ಆಡಿಟ್ ಮಾಡುವವರು ಯಾರೂ ಇಲ್ಲ.

ಸ್ವಯಂಸೇವೆ: ಗಂಟೆಗಿಂತ ಮಾತು ಮುಖ್ಯ

“ವಾರಕ್ಕೆ 3 ಗಂಟೆ ಸೇವೆ” ಅನ್ನುವ ಗುರಿಯಲ್ಲಿ ಒಂದು ಹುಳುಕಿದೆ. ಗಂಟೆ ನಮ್ಮ ಅನುಕೂಲಕ್ಕೆ ಹೊಂದಿಸಿಕೊಳ್ಳಬಹುದು, ಆ ಕಡೆಯವರ ಅಗತ್ಯ ಹಾಗಲ್ಲ. ನಾನು ಒಂದು ಕೇಂದ್ರದಲ್ಲಿ ಮಕ್ಕಳಿಗೆ ಓದು ಹೇಳಿಕೊಡಲು ಒಪ್ಪಿಕೊಂಡಿದ್ದೆ, ವಾರಕ್ಕೊಂದು ಸಂಜೆ. ಮೂರನೇ ವಾರ ಕೆಲಸ ಜಾಸ್ತಿ ಇತ್ತು, ಹೋಗಲಿಲ್ಲ. ಮುಂದಿನ ವಾರ ಎರಡು ಸಂಜೆ ಹೋಗಿ ಲೆಕ್ಕ ಸರಿ ಮಾಡಿದೆ. ನನ್ನ ನೋಟ್‌ಬುಕ್ಕಿನಲ್ಲಿ ಗಂಟೆ ಸರಿಹೋಯಿತು. ಆದರೆ ನನ್ನ ಪಾಲಿನ ಹುಡುಗ ಆ ತಪ್ಪಿದ ಸಂಜೆ ಪುಸ್ತಕ ತೆರೆದಿಟ್ಟುಕೊಂಡು ಕೊನೆಯವರೆಗೂ ಕೂತಿದ್ದನಂತೆ. ಅದನ್ನು ಯಾವ ಎರಡನೇ ಸಂಜೆಯೂ ಸರಿ ಮಾಡಲಿಲ್ಲ.

ಹಾಗಾಗಿ ಎದುರಿಗೆ ಮನುಷ್ಯರಿರುವ ಸೇವೆಗೆ ಐದನೇ ಬಗೆಯೇ ಸರಿ: ದಿನ, ಹೊತ್ತು, ಜಾಗ, ಅಷ್ಟೆ. ವಾರ ವಾರವೂ ಸಾಧ್ಯವೇ ಎಂದು ಅನುಮಾನವಿದ್ದರೆ ಎರಡು ವಾರಕ್ಕೊಮ್ಮೆ ಎಂದು ಮೊದಲೇ ಹೇಳಿ. ಕಡಿಮೆ ಒಪ್ಪಿ ತಪ್ಪದೆ ಹೋಗುವವರೇ ಅಲ್ಲಿನವರಿಗೆ ಬೇಕು. ಲೆಕ್ಕ ಹಾಕುವಾಗ ಹೋಗಿ ಬರುವ ಹೊತ್ತನ್ನೂ ಸೇರಿಸಿ. ಎರಡು ಗಂಟೆಯ ಸೇವೆ ಸುಲಭವಾಗಿ ಮೂರೂವರೆ ಆಗುತ್ತದೆ.

ನಿಮ್ಮ ವಾರ ಯಾವಾಗ ಹೇಗಿರುತ್ತದೋ ಗೊತ್ತಿಲ್ಲ ಅನ್ನುವಂತಿದ್ದರೆ ಮನೆಯಲ್ಲೇ ಕೂತು ಚೂರು ಚೂರಾಗಿ ಮಾಡುವ ಸೇವೆ ಹುಡುಕಿ. ಹಳೆಯ ಪುಸ್ತಕಗಳ ಸ್ಕ್ಯಾನ್ ಪುಟಗಳನ್ನು ತಿದ್ದುವ ಡಿಸ್ಟ್ರಿಬ್ಯೂಟೆಡ್ ಪ್ರೂಫ್‌ರೀಡರ್ಸ್ 2000ರಲ್ಲಿ ಶುರುವಾಯಿತು. ಅಲ್ಲಿ ದಿನಕ್ಕೊಂದು ಪುಟ ತಿದ್ದಿದರೂ ಸಾಕು ಅನ್ನುತ್ತಾರೆ. 2005ರಿಂದ ಇರುವ ಲಿಬ್ರಿವಾಕ್ಸ್‌ಗೆ ಹಕ್ಕುಸ್ವಾಮ್ಯ ಮುಗಿದ ಪುಸ್ತಕದ ಅಧ್ಯಾಯ ಓದಿ ರೆಕಾರ್ಡ್ ಮಾಡಿ ಕೊಡಬಹುದು. ವಿಕಿಪೀಡಿಯ, ಜನರೇ ಸೇರಿ ಭೂಪಟ ತಯಾರಿಸುವ ಓಪನ್‌ಸ್ಟ್ರೀಟ್‌ಮ್ಯಾಪ್, ವಿಜ್ಞಾನಿಗಳಿಗೆ ಚಿತ್ರ ವಿಂಗಡಿಸಿ ಕೊಡುವ ಜೂನಿವರ್ಸ್ ಇವೆಲ್ಲ ಇದೇ ಜಾತಿ. ಇವಕ್ಕೆ ಹೊತ್ತಿನ ಗುರಿ, ದಿನದ ಚೂರು, ಎಣಿಕೆ ಯಾವುದಾದರೂ ನಡೆಯುತ್ತದೆ. ನೀವು ಒಂದು ವಾರ ಬರದಿದ್ದರೆ ಯಾರೂ ಬಾಗಿಲು ನೋಡುತ್ತಾ ಕೂರುವುದಿಲ್ಲ.

ಕೆಲವು ಸೇವೆ ವಾರದ ಪಟ್ಟಿಗೇ ಬರುವುದಿಲ್ಲ. ರಕ್ತದಾನಕ್ಕೆ ಎರಡು ಸಲದ ನಡುವೆ ಕಡಿಮೆ ಅಂದರೂ 8 ವಾರ ಬಿಡಬೇಕು, ಹಲವು ದೇಶಗಳಲ್ಲಿ 12, 16 ವಾರ. ಅದನ್ನು ಕ್ಯಾಲೆಂಡರಿಗೆ ಹಾಕಿ.

ನಾಲ್ಕನ್ನೂ ಒಂದೇ ವಾರದಲ್ಲಿ ಕೂರಿಸುವುದು

ಇದಕ್ಕೆ ಮೂರು ದಾರಿ ನೋಡಿದ್ದೇನೆ. ನಾಲ್ಕಕ್ಕೂ ಸಮಪಾಲು ಕೊಡುವುದು ಒಂದು. ನ್ಯಾಯವಾಗಿ ಕಾಣುತ್ತದೆ, ಆದರೆ ಯಾವುದೂ ಮುಂದೆ ಹೋಗುವುದಿಲ್ಲ. ಹೊಲಿಗೆಗೆ ಬೇಕಾದ ಎರಡು ಗಂಟೆಯ ಗಟ್ಟಿ ಹೊತ್ತೇ ಸಿಗುವುದಿಲ್ಲ. ಎರಡನೆಯದು ಸರದಿ: ಈ ವಾರ ಪೂರ್ತಿ ಹೊಲಿಗೆ, ಮುಂದಿನ ವಾರ ಪೂರ್ತಿ ಹಿತ್ತಲು. ಓದು, ಹೊಲಿಗೆ ಎರಡೇ ಇರುವವರಿಗೆ ಇದು ಚೆನ್ನಾಗಿಯೇ ನಡೆಯುತ್ತದೆ. ಆದರೆ ಮೂರು ವಾರ ಸರದಿ ಕಾಯಲು ಗಿಡಕ್ಕೆ ಆಗುವುದಿಲ್ಲ, ಆ ಹುಡುಗನಿಗೂ ಆಗುವುದಿಲ್ಲ.

ಮೂರನೆಯದು ನನ್ನದು. ಒಂದನ್ನು ಆ ವಾರದ ಮುಖ್ಯ ಕೆಲಸ ಮಾಡಿ, ಉಳಿದ ಮೂರಕ್ಕೆ “ಇದಕ್ಕಿಂತ ಕೆಳಗೆ ಇಳಿಯುವುದಿಲ್ಲ” ಅನ್ನುವ ಒಂದು ಮಟ್ಟ ಇಡುವುದು. ಹೊಲಿಗೆ ಮುಖ್ಯವಾದ ವಾರ ನನ್ನ ಪಟ್ಟಿ ಹೀಗಿರುತ್ತದೆ: “ಶನಿವಾರ ಬೆಳಿಗ್ಗೆ ಎರಡು ಗಂಟೆ ಕಟಿಂಗ್. ಬುಧವಾರ ಸಂಜೆ ಕಚ್ಚಾ ಹೊಲಿಗೆ. ಕಳೆ 20 ನಿಮಿಷ, ಒಂದು ಸಲ. ಭಾನುವಾರ ಗೊಬ್ಬರ ತಿರುವುದು. ಓದು ದಿನಾ 10 ನಿಮಿಷ. ಗುರುವಾರ ನಾಲ್ಕಕ್ಕೆ ಕೇಂದ್ರ.” ಬಿತ್ತನೆಯ ಕಾಲ ಬಂದರೆ ಹಿತ್ತಲು ಮುಖ್ಯ, ಹೊಲಿಗೆ ಮೂರು ಗುಂಡಿ ಹಚ್ಚುವುದಕ್ಕೆ ಇಳಿಯುತ್ತದೆ. ಗುರುವಾರದ ಸಾಲು ಮಾತ್ರ ಎಲ್ಲ ವಾರವೂ ಅದೇ.

ಇದನ್ನು ಬರೆಯುವ ಮೊದಲು ವಾರದಲ್ಲಿ ನಿಜವಾಗಿ ಬಿಡುವಿರುವ ಗಂಟೆ ಎಣಿಸಿ. ಹತ್ತು ಅಂತ ಬಂದರೆ ಏಳಕ್ಕೆ ಮಾತ್ರ ಕೆಲಸ ಹಂಚಿ. ಉಳಿದ ಮೂರು ಗಂಟೆ ತಾನಾಗಿಯೇ ಎಲ್ಲೋ ಖರ್ಚಾಗುತ್ತದೆ, ಸುಮ್ನೆ ಯೋಚನೆ ಬೇಡ.

ತಪ್ಪಿದ ದಿನಗಳಿಗೂ ಮೊದಲೇ ಜಾಗ ಇಡಿ. ಮಾರಿಸಾ ಶರೀಫ್ ಮತ್ತು ಸುಝಾನ್ ಶು ಎಂಬ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ “ವಾರಕ್ಕೆ ಏಳು ದಿನ, ಆದರೆ ತುರ್ತಿಗೆ ಎರಡು ದಿನ ಬಿಡಬಹುದು” ಎಂದು ಗುರಿ ಇಟ್ಟವರು, ಬರೀ ಏಳು ದಿನ ಎಂದವರಿಗಿಂತಲೂ ಬರೀ ಐದು ದಿನ ಎಂದವರಿಗಿಂತಲೂ ಚೆನ್ನಾಗಿ ನಡೆಸಿಕೊಂಡು ಹೋದರು. ಓದಿಗೆ ನಾನು ಇದನ್ನೇ ಇಟ್ಟುಕೊಂಡಿದ್ದೇನೆ. ಒಂದು ದಿನ ತಪ್ಪಿದರೆ ಅಭ್ಯಾಸ ಮುರಿದುಬೀಳುತ್ತದೆ ಅನ್ನುವ ಭಯವೂ ಬೇಡ. ಲಂಡನ್ನಿನಲ್ಲಿ ಫಿಲಿಪ್ಪಾ ಲಾಲಿ ಮತ್ತು ಜೊತೆಗಾರರು 96 ಜನರನ್ನು 12 ವಾರ ಗಮನಿಸಿದಾಗ ಒಂದು ದಿನದ ತಪ್ಪಿನಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅಭ್ಯಾಸ ಕೂರಲು ಎಷ್ಟು ದಿನ ಬೇಕು ಎಂದು ಆ 12 ವಾರದ ಲೆಕ್ಕದಿಂದ ಅವರು ಹಾಕಿದ ಅಂದಾಜೂ ಒಬ್ಬೊಬ್ಬರಿಗೆ ಒಂದೊಂದು ತರ: 18 ದಿನದಿಂದ 254 ದಿನದವರೆಗೆ. 21 ದಿನದಲ್ಲಿ ಅಭ್ಯಾಸ ಆಗುತ್ತದೆ ಅನ್ನುವ ಮಾತು ಕೋಳಿಮೊಟ್ಟೆಗೆ ಸರಿ.

ಆ್ಯಪ್ಪೋ ಕಾಗದವೋ ಅಂತ ಕೇಳಿದರೆ, ಮಣ್ಣು ಕೈಯಲ್ಲಿ ಫೋನ್ ಮುಟ್ಟಲು ಆಗದು. ಅಡುಗೆಮನೆ ಬಾಗಿಲಿಗೆ ಅಂಟಿಸಿದ ಕಾಗದ ಸಾಕು. ಕೊಟ್ಟ ಮಾತಿಗೆ ಮಾತ್ರ ಫೋನಿನಲ್ಲಿ ಅಲಾರಂ ಇಡಿ. ಪಟ್ಟಿ ಬರೆಯುವ ದಿನ ಯಾವುದಾದರೇನು? ನನಗೆ ಭಾನುವಾರ ರಾತ್ರಿಗಿಂತ ಶುಕ್ರವಾರ ಸಂಜೆ ವಾಸಿ, ದೊಡ್ಡ ಕೆಲಸಕ್ಕೆ ಶನಿವಾರ ಕೈಗೆ ಸಿಗುತ್ತದೆ.

ಒಂದೇ ಸಾಲು ಮೂರು ವಾರ ಟಿಕ್ ಇಲ್ಲದೆ ಉಳಿದರೆ ಮೊದಲು ಅದರ ಅಳತೆ ಅರ್ಧ ಮಾಡಿ ನೋಡಿ. ಆಗಲೂ ಆಗದಿದ್ದರೆ ಬಗೆ ಬದಲಿಸಿ: ಮುಗಿಸುವುದು ಇದ್ದರೆ ಹಂತ ಮಾಡಿ, ದಿನದ ಚೂರು ಇದ್ದರೆ ಒಂದು ಗಟ್ಟಿ ಹೊತ್ತು ಮಾಡಿ. ಅದೂ ಆಗದಿದ್ದರೆ ಆ ಕೆಲಸವನ್ನು ಒಂದೆರಡು ತಿಂಗಳು ಪಟ್ಟಿಯಿಂದ ತೆಗೆದುಬಿಡಿ. ಬಟ್ಟೆ, ಪುಸ್ತಕ ಹೇಳದೆ ಬಿಟ್ಟರೂ ಬೇಸರ ಮಾಡಿಕೊಳ್ಳುವುದಿಲ್ಲ. ಪಾತಿ ಬಿಡುವುದಿದ್ದರೆ ಮೇಲೆ ಒಣ ಎಲೆ ದಪ್ಪಗೆ ಹೊದಿಸಿ, ಮರಳಿ ಬಂದಾಗ ಕಳೆ ಕಡಿಮೆ ಇರುತ್ತದೆ. ಸ್ವಯಂಸೇವೆ ಬಿಡುವುದಿದ್ದರೆ ಎರಡು ವಾರ ಮೊದಲೇ ಫೋನ್ ಮಾಡಿ ಹೇಳಿ, ಅವರು ಇನ್ನೊಬ್ಬರನ್ನು ಹುಡುಕಿಕೊಳ್ಳಬೇಕಲ್ಲ.